ಚಾವಡಿಗೆ ಹೋದ ಅರ್ಧ ಬೀಸುಕಲ್ಲು

ನಾನು ಹುಲಿಹೈದರದ ಹತ್ತಿರದ ಊರಿಗೆ ಸೊಸೆಯಾಗಿ ಬಂದ ಮರುವರ್ಷ ನಮ್ಮ ಮನೆಯ ಬೀಸುಕಲ್ಲು ಜಪ್ತಿಯಾಯಿತು. ಪೂರ್ತಿಯಲ್ಲ, ಅರ್ಧ ಮಾತ್ರ.

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ ಅದು. ನಿಜಾಮರ ಸರ್ಕಾರ ಹೊಲದ ಅಳತೆ ನೋಡಿ, ಇಷ್ಟು ಜೋಳ ಲೆವಿ ಕೊಡಬೇಕೆಂದು ಹೇಳುತ್ತಿತ್ತು. ಹೊಲದಲ್ಲಿ ಎಷ್ಟು ಬೆಳೆಯಿತೆಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಓಣಿಯವರು ಕೈಲಾದಷ್ಟು ಕೊಟ್ಟು, ಉಣ್ಣಲಿಕ್ಕೆ ಬೇಕಾದದ್ದನ್ನು ಉಳಿಸಿಕೊಂಡಿದ್ದರು. ಅದು ಸಾಲದೆಂದು ಕಂದಾಯದ ಗಿರ್ದಾವರ ಸಾಹೇಬರು ಒಂದು ಮುಂಜಾನೆ ಊರ ತಳವಾರನನ್ನು ಕರೆದುಕೊಂಡು ಮನೆಮನೆ ಹೊಕ್ಕರು. ನಮ್ಮಲ್ಲಿ ಒಯ್ಯುವಂಥ ತಾಮ್ರ, ಹಿತ್ತಾಳೆ ಅವರಿಗೆ ಕಾಣಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಬೀಸುಕಲ್ಲು ಕಂಡಿತು.

"ಇದನ್ನ ಎತ್ತು. ಕಲ್ಲು ಬೇಕಂದ್ರ ಮುಚ್ಚಿಟ್ಟ ಜೋಳ ತಾವ ಹೊರಗ ಬರತಾವ," ಎಂದರು ಸಾಹೇಬರು.

ಕೆಳಗಿನ ಕಲ್ಲನ್ನು ನೆಲದಲ್ಲಿ ಹೂತು ಸುತ್ತ ಮಣ್ಣಿನ ಕಟ್ಟೆ ಮೆತ್ತಿದ್ದರು. ಅಗೆಯುವ ತಾಪತ್ರಯ ಯಾರಿಗೆ ಬೇಕು? ತಳವಾರ ಮೇಲಿನದನ್ನಷ್ಟೇ ಎತ್ತಿ ತಲೆಯ ಮೇಲಿಟ್ಟುಕೊಂಡ.

"ಅರ್ಧಾ ಒಯ್ದು ಏನ್ ಮಾಡ್ತೀರಿ ಸಾಹೇಬ್ರ?" ಎಂದು ನಮ್ಮ ಅತ್ತೆ ಕೇಳಿದರು.

"ಬರೋ ವಾರ ಹರಾಜಿಗೆ ಇಡ್ತೀವಿ."

 ಆ ಕಲ್ಲು ಅತ್ತೆಯ ಮದುವೆಯಲ್ಲಿ ತವರಿನಿಂದ ಅವರ ಜೊತೆ ಬಂಡಿಯಲ್ಲಿ ಬಂದದ್ದು. ಅವರ ತಾಯಿ ಬೀಸಿದ ಕಲ್ಲು. ಬರಿದಾಗಿ ಕುಳಿತಿದ್ದ ಕೆಳಗಿನ ಕಲ್ಲಿನ ಮೇಲೆ ಅವರು ಒಂದು ಬುಟ್ಟಿ ಬೋರಲು ಹಾಕಿದರು. ದಾಟುವಾಗಲೆಲ್ಲ ಅದರ ಕಡೆ ನೋಡದೆ ದಾಟುತ್ತಿದ್ದರು.

ಹೀಗೆ ಏಳು ಮನೆಯ ಮೇಲಿನ ಕಲ್ಲುಗಳು ಚಾವಡಿ ಸೇರಿದವು. ಎಂಟನೆಯದು ಚಾವಡಿ ಪಕ್ಕದ ಕುಂಬಾರ ಅಜ್ಜಿಯದು. ಅಲ್ಲಿಗೆ ಬರುವ ಹೊತ್ತಿಗೆ ತಳವಾರನ ಕುತ್ತಿಗೆ ಸೋತಿತ್ತು, ಅದು ಉಳಿಯಿತು. ಆಮೇಲೆ ಓಣಿಯ ಹೆಂಗಸರೆಲ್ಲ ಜೋಳದ ಬುಟ್ಟಿ ಹೊತ್ತು ಅಜ್ಜಿಯ ಮನೆಯಲ್ಲಿ ಪಾಳಿ ಹಚ್ಚಿದೆವು.

"ಗಿರ್ದಾವರ ಪುಣ್ಯಾತ್ಮ. ಸತ್ತೀನೋ ಬದುಕೀನೋ ಅಂತ ಯಾರೂ ಹಣಿಕಿ ಹಾಕ್ತಿರಲಿಲ್ಲ. ಈಗ ನೋಡ್ರಿ, ಮನಿ ತುಂಬ ಮಂದಿ!" ಎಂದು ಅಜ್ಜಿ ನಗುತ್ತಿದ್ದಳು. ಅತ್ತೆ ಮಾತ್ರ ನಗಲಿಲ್ಲ. "ಹರಾಜಿನ್ಯಾಗ ಯಾರರ ಹಿಡಿದ್ರ ಅದು ಮತ್ತ ಕಣ್ಣಿಗೆ ಬೀಳಂಗಿಲ್ಲ," ಎಂದರು.

ಹರಾಜಿನ ದಿನ ಕಾರಟಗಿಯಿಂದ ಒಬ್ಬ ಸಾವ್ಕಾರ ಬಂಡಿ ಹೊಡೆಸಿಕೊಂಡು ಬಂದೇಬಿಟ್ಟ.  ಕಲ್ಲುಗಳನ್ನು ನೋಡಿ ಹೇಳಲೆಂದು ಸಾಹೇಬರು ನಮ್ಮೂರ ಕಲ್ಲುಕುಟಿಗರನ್ನು ಕರೆಸಿದ್ದರು. ಸವೆದ ಬೀಸುಕಲ್ಲುಗಳಿಗೆ ಉಳಿ ಹೊಡೆದು ಮತ್ತೆ ಒರಟು ಮಾಡಿಕೊಡುತ್ತಿದ್ದ ಮುಸಲ್ಮಾನ ಹಿರಿಯರೊಬ್ಬರು ಅವರು. ಊರಿನ ಯಾವ ಕಲ್ಲೂ ಅವರ ಕೈ ತಪ್ಪಿಸಿಕೊಂಡಿರಲಿಲ್ಲ.

"ಹೆಂಗ ಅದಾವ ಕಲ್ಲು?" ಎಂದರು ಸಾಹೇಬರು.

"ಛಲೋ ಅದಾವ್ರಿ. ಆದ್ರ ಇವುಗಳ ಜೋಡಿ ಮನಿಮನ್ಯಾಗ ಕುಂತಾವ. ಕೆಳಗಿಂದು ಮ್ಯಾಲಿಂದು ಕೂಡೇ ಸವಿದಿರ್ತಾವ್ರಿ."

"ಕಲ್ಲಿಗೆಂಥಾ ಜೋಡಿ? ಕಲ್ಲು ಅಂದ್ರ ಕಲ್ಲು!"

ತಮ್ಮ ಮಾತು ಸಾಧಿಸಲು ಸಾಹೇಬರು ನಮ್ಮ ಕಲ್ಲನ್ನೇ ಅಜ್ಜಿಯ ಮನೆಗೆ ಹೊರಿಸಿ, ಅವಳ ಮೇಲಿನ ಕಲ್ಲು ಇಳಿಸಿ, ಕೆಳಗಿನದರ ಮೇಲೆ ಕೂರಿಸಿದರು. "ನೀ ಬೀಸವಾ," ಎಂದು ನನಗೇ ಅಪ್ಪಣೆಯಾಯಿತು. ಅತ್ತೆಯ ಮುಖ ನೋಡಿದೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಒಂದು ಹಿಡಿ ಜೋಳ ಹಾಕಿ ತಿರುವಿದೆ. ನಡುವಿನ ಗೂಟಕ್ಕೆ ತೂತು ಸಡಿಲ. ಕಲ್ಲು ಕುಂಟೆತ್ತಿನ ಹಾಗೆ ಎಗರುತ್ತ, ಕರಕರ ಎನ್ನುತ್ತ ಸುತ್ತಿತು. ಹೊರಬಂದ ಹಿಟ್ಟನ್ನು ಸಾವ್ಕಾರ ಚಿಟಿಕೆ ತೆಗೆದು ಬಾಯಿಗಿಟ್ಟವನೇ ಥೂ ಎಂದು ಉಗಿದ.

"ಹಿಟ್ಟಲ್ರೀ ಇದು, ಉಸುಕು! ಇದನ್ನ ಮಾರಿದ್ರ ಕಾರಟಗಿ ಹೆಂಗಸ್ರು ನನ್ನ ಹಲ್ಲು ಉದುರಸ್ತಾರ," ಎನ್ನುತ್ತ ಬಂಡಿ ಹತ್ತಿದ.

ಮತ್ಯಾರೂ ಸವಾಲು ಕೂಗಲಿಲ್ಲ. ಸಾಹೇಬರು ಮೀಸೆ ತಿರುವಿಕೊಂಡು, "ಒಯ್ರಿ, ನಿಮ್ಮ ಕಲ್ಲು ನೀವು ಒಯ್ರಿ," ಎಂದರು.

ವಾರವೆಲ್ಲ ಬಿಗಿದಿದ್ದ ಅತ್ತೆಯ ಮುಖ ಆಗ ಸಡಿಲಿತು. "ನಾವು ಹೊತ್ತು ತಂದಿಲ್ರಿ ಸಾಹೇಬ್ರ. ತಂದಾವನ ಇಟ್ಟು ಬರ್ಲಿ."

"ಯವ್ವಾ, ಏಳು ಮನಿ ಅದಾವ ಬೇ!" ಎಂದ ತಳವಾರ.

"ತರೂ ಮುಂದೂ ಏಳ ಇದ್ವಲ್ಲೋ ತಮ್ಮಾ."

ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ತಳವಾರ ಏಳು ಸಲ ನಡೆದ. ಏಳು ಮನೆಯಲ್ಲೂ ಮಜ್ಜಿಗೆ ಕುಡಿದ.

ಲೆವಿ ಮುಂದಿನ ಸುಗ್ಗಿಗೂ ಬಂತು. ಬೀಸುಕಲ್ಲಿಗೆ ಮಾತ್ರ ಮತ್ತೆ ಯಾರೂ ಕೈ ಹಚ್ಚಲಿಲ್ಲ.

ಕಲ್ಲು ಮನೆಗೆ ಮರಳಿದ ದಿನ ಸಂಜೆ ಕಲ್ಲುಕುಟಿಗರು ನಮ್ಮ ಕಲ್ಲು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಬಂದರು. ಅತ್ತೆ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟು, "ಅಣ್ಣಾ, ಖರೇನ ಆ ಕಲ್ಲು ಬ್ಯಾರೆ ಕಲ್ಲಿಗೆ ಕೂಡೂದಿಲ್ಲೇನು?" ಎಂದು ಕೇಳಿದರು.

ಅವರು ರೊಟ್ಟಿ ಮುರಿದರು. "ಕೂಡ್ತೈತಿ ಬಿಡಕ್ಕಾ. ಉಳಿ ತಗೊಂಡು ಎರಡು ದಿನ ಕುಂತ್ರ ಯಾವುದಕ್ಕರ ಕೂಡಸ್ತೀನಿ. ಸಾಹೇಬ್ರು ಅದನ್ನ ಕೇಳಲಿಲ್ಲ, ನಾ ಹೇಳಲಿಲ್ಲ."

ಅತ್ತೆ ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಕಲ್ಲುಕುಟಿಗರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ವಾರವೆಲ್ಲ ಬೋರಲು ಬಿದ್ದಿದ್ದ ಬುಟ್ಟಿಯಲ್ಲಿ ನಾಳಿನ ಜೋಳ ತುಂಬಿ ನನ್ನ ಮುಂದಿಟ್ಟರು.