ರಂಗೋಲಿ ದಾಟದ ನಾಯಿ

ನಮ್ಮ ಭಾವ ಜಲಪಾತದ ಬಳಿಯ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಇಂಗ್ಲಿಷ್ ಎಂಜಿನಿಯರೊಬ್ಬರು ತಮ್ಮ ದೇಶಕ್ಕೆ ಹೊರಟಾಗ ಬಿಟ್ಟುಹೋದ ಐದು ತಿಂಗಳ ನಾಯಿಮರಿಯನ್ನು ಮಳವಳ್ಳಿಗೆ ತಂದು ನಮ್ಮ ಜಗಲಿಯ ಕಂಬಕ್ಕೆ ಕಟ್ಟಿದರು. ಗ್ರೇಟ್ ಡೇನ್ ಎಂಬ ಜಾತಿಯಂತೆ. ಆಗಲೇ ಕರುವಿನಷ್ಟು ಎತ್ತರವಿತ್ತು.

ಅಪ್ಪ ಪುರೋಹಿತರು. ನಾಯಿಯನ್ನು ನೋಡಿ ಒಂದೇ ಮಾತು ಹೇಳಿದರು: "ಜಗಲಿ ಮೇಲಿರಲಿ. ಹೊಸಿಲು ದಾಟಿದ ದಿನ ಇದಕ್ಕೂ ಈ ಮನೆಗೂ ಋಣ ತೀರಿತು."

ಆಗ ನಾನು ಹೊಸದಾಗಿ ಮೇಷ್ಟ್ರಾಗಿದ್ದೆ. ಕೈಯಲ್ಲಿ ಬೆತ್ತ, ಮೂಗಿನ ತುದಿಯಲ್ಲಿ ಕೋಪ. ಮೊದಲ ದಿನವೇ ಮರಿಗೆ ಒಂದು ಬಿಗಿದೆ. ಅದು ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ನನ್ನನ್ನೇ ನೋಡಿತು. ಭಾವ ಗದರಿದರು: "ಹೊಡೀಬೇಡ ಕಣಯ್ಯ. ಆ ದೊರೆ ಒಂದು ದಿನವೂ ಇದರ ಮೇಲೆ ಕೈ ಎತ್ತಿದವರಲ್ಲ. ಮೆಲ್ಲಗೆ ಹೇಳು, ಕೇಳಿದಾಗ ಒಂದು ಚೂರು ತಿನ್ನೋಕೆ ಕೊಡು. ಆದರೆ 'ಇರು' ಅಂದವನೇ 'ಬಾ' ಅನ್ನಬೇಕು. ಬೇರೆಯವರು ಅಂದರೆ ಕಲಿತದ್ದೆಲ್ಲ ಕೆಡುತ್ತೆ."

ಬೆತ್ತ ಶಾಲೆಯಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಅಮ್ಮ ಕೊಡುತ್ತಿದ್ದ ತಂಗಳು ರೊಟ್ಟಿಯ ಚೂರು ಹಿಡಿದು ಕೂರುತ್ತಿದ್ದೆ. ಕೂತ್ಕೋ. ಇರು. ಬಾ. ಮೊದಲು ಎರಡು ಹೆಜ್ಜೆ ಹಿಂದೆ ಸರಿದೆ, ಆಮೇಲೆ ಹತ್ತು. ಎರಡು ತಿಂಗಳಿಗೆ ಬೀದಿಯ ತಿರುವು ದಾಟಿ ಮರೆಯಾದರೂ ಅದು ಕೂತಲ್ಲೇ ನಡುಗುತ್ತಾ ಕಾಯುತ್ತಿತ್ತು. ಮನುಷ್ಯರ ಮಕ್ಕಳಿಗೆ ನಾನು ಅಷ್ಟು ಚೆನ್ನಾಗಿ ಪಾಠ ಹೇಳಿದ್ದಿಲ್ಲ.

ಹೊಸಿಲಿನ ಪಾಠವೇ ಕಷ್ಟವಾಯಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ಅಮ್ಮ ಬೆಳಗ್ಗೆ, ಸಂಜೆ ಬಾಗಿಲಿಗೆ ನೀರು ಹಾಕಿ, ಹೊಸಿಲ ಮುಂದೆ ಅಗಲವಾಗಿ ರಂಗೋಲಿ ಬಿಡುತ್ತಿದ್ದಳು. ಅದರ ಅಂಚಿಗೆ ಕಾಲಿಟ್ಟಾಗಲೆಲ್ಲ ಮರಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದೆ. ನಿಂತರೆ ರೊಟ್ಟಿ ಕೊಟ್ಟೆ. ತಿಂಗಳೊಳಗೆ ಕಲಿತುಬಿಟ್ಟಿತು. ಅಮ್ಮ ಎಳೆ ಎಳೆಯುವಾಗ ಎದುರಿಗೆ ಕೂತು ನೋಡುತ್ತಿತ್ತು. "ನನ್ನ ಮರಿಗೆ ನಿಮಗಿಂತ ಮಡಿ ಜಾಸ್ತಿ" ಎಂದು ಅವಳು ಅಪ್ಪನನ್ನು ಛೇಡಿಸುತ್ತಿದ್ದಳು. ಅಪ್ಪ ಕೇಳಿಸದವರಂತೆ ಪಂಚಾಂಗ ತಿರುವುತ್ತಿದ್ದರು.

ಮುಂದಿನ ಬೇಸಗೆಯಲ್ಲಿ ಅಮ್ಮನಿಗೆ ಜ್ವರ ಹಿಡಿಯಿತು. ಬ್ಲಫ್‌ನಿಂದ ಅಕ್ಕ ಬಂದು ಅಡಿಗೆ, ರಂಗೋಲಿ ಎಲ್ಲ ನೋಡಿಕೊಂಡಳು. ಹದಿನೈದನೆಯ ದಿನ ಅಮ್ಮ ಸ್ವಲ್ಪ ಗೆಲುವಾಗಿದ್ದಳೆಂದು ನಾನು ಪರೀಕ್ಷೆಯ ಕೆಲಸಕ್ಕೆ ಮದ್ದೂರಿಗೆ ಹೋದೆ. ಮರುದಿನ ಬೆಳಿಗ್ಗೆಯೇ ಹೇಳಿಕಳಿಸಿದರು. ಬಸ್ಸು ಹಿಡಿದು ಬರುವಷ್ಟರಲ್ಲಿ ಅಮ್ಮನನ್ನು ನಡುಮನೆಯಲ್ಲಿ ದರ್ಭೆಯ ಮೇಲೆ ಮಲಗಿಸಿದ್ದರು.

ಅವಳ ಕಾಲ ಬಳಿ ನಾಯಿ ಮಲಗಿತ್ತು. ಬಂಧುಗಳು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಆ ಗಾತ್ರದ ಪ್ರಾಣಿಯನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. "ಬಾ" ಎಂದೆ. ತಕ್ಷಣ ಎದ್ದು ನನ್ನ ಹಿಂದೆ ಜಗಲಿಗೆ ಬಂತು. ಅಪ್ಪ ಅಳುತ್ತಲೇ ಹೇಳಿದರು: "ಹೆಣ ಮುಟ್ಟಿತಲ್ಲೋ! ಕರ್ಮ ಮುಗಿದ ಮೇಲೆ ಅದು ಇಲ್ಲಿರಕೂಡದು."

ಮೂರನೆಯ ದಿನ ನನಗೆ ವಿಷಯ ತಿಳಿಯಿತು. ಬಾಗಿಲಲ್ಲಿ ನಿಂತಿದ್ದೆ. ನಾಯಿ ಎಂದಿನ ಜಾಗಕ್ಕೆ ಬಂದು ನಿಂತಿತು, ನೆಲ ಮೂಸಿತು, ಅತ್ತಿತ್ತ ನೋಡಿತು, ಮತ್ತೆ ನಿರಾತಂಕವಾಗಿ ಹೊಸಿಲ ಕಡೆ ಕಾಲಿಟ್ಟಿತು. ಸೂತಕದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ; ಅಮ್ಮ ಹೋದ ಬೆಳಿಗ್ಗೆಯೂ ಹಾಕಿರಲಿಲ್ಲ. ಅದು ತಪ್ಪು ಮಾಡಿರಲೇ ಇಲ್ಲ. ರಂಗೋಲಿಯನ್ನು ತೋರಿಸಿಕೊಟ್ಟ ನಾನು ಹೊಸಿಲನ್ನು ಕಲಿಸಿಯೇ ಇರಲಿಲ್ಲ.

ಅಪ್ಪನಿಗೆ ಇಷ್ಟು ಹೇಳಿದ್ದರೆ ಸಾಕಿತ್ತು. ಅವರು ಕಟ್ಟುನಿಟ್ಟಿನವರು, ಅನ್ಯಾಯದವರಲ್ಲ. ನಾನು ಹೇಳಲಿಲ್ಲ. ಯಾಕೆಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅಮ್ಮ ಹೋದಾಗ ನಾನು ಊರಲ್ಲೇ ಇರಲಿಲ್ಲ, ಅವಳ ಕಾಲ ಬಳಿ ಅದು ಇತ್ತು. ನನಗೆ ಹೊಟ್ಟೆಕಿಚ್ಚು.

ಹದಿನಾಲ್ಕನೆಯ ದಿನ ಕಿರುಗಾವಲಿನ ಗೌಡರೊಬ್ಬರು, ಅಪ್ಪನ ಪರಿಚಯದವರು, ನಾಯಿಯನ್ನು ಒಯ್ಯಲು ಎತ್ತಿನ ಗಾಡಿ ತಂದರು. ಹತ್ತು ಎಂದೆ, ಹತ್ತಿತು. ಇರು ಎಂದೆ, ಕೂತಿತು.

"ಅಗ್ಗ ಕಟ್ಟೋದು ಬ್ಯಾಡ್ವಾ ಮೇಷ್ಟ್ರೇ? ದಾರೀಲಿ ನೆಗ್ದು ಓಡೋದ್ರೆ?" ಎಂದು ಗೌಡರು ಕೇಳಿದರು.

"ಬೇಡ ಗೌಡರೇ. ಬಾ ಅನ್ನೋವರೆಗೂ ಅಲ್ಲಾಡಲ್ಲ."

ಗಾಡಿ ಹೊರಟಿತು. ನಾಯಿ ಹಿಂದಕ್ಕೆ ಮುಖ ಮಾಡಿ ನನ್ನ ಬಾಯನ್ನೇ ನೋಡುತ್ತಿತ್ತು. ತಿರುವಿನವರೆಗೂ ನಾನು ತುಟಿ ಬಿಚ್ಚಲಿಲ್ಲ.

ಎರಡು ದಿನ ಬಿಟ್ಟು ಗೌಡರು ನಮ್ಮ ಶಾಲೆಗೇ ಬಂದರು.

"ಅಲ್ಲ ಮೇಷ್ಟ್ರೇ, ಅದು ಗಾಡಿಯಿಂದ ಇಳೀನೇ ಇಲ್ಲ ಕಣ್ರೀ. ಎತ್ತು ಬಿಚ್ಚುದ್ರೂ ಅಲ್ಲೇ ಕುಂತದೆ. ಇಟ್ಟು ಮುಟ್ಟಾಕಿಲ್ಲ, ನೀರು ಮುಟ್ಟಾಕಿಲ್ಲ. ನಾವೆಲ್ಲ ಬಾ ಬಾ ಅಂದು ಸಾಕಾಯ್ತು. ನೀವೊಂದ್ಸಾರಿ ಬಂದು ಅಂದ್ಬುಡಿ."

ತರಗತಿಯಲ್ಲಿ ಹುಡುಗರು ಮಗ್ಗಿ ಹೇಳುತ್ತಿದ್ದರು. ಮೈಗೆ ಹುಷಾರಿಲ್ಲ, ನಾಳೆ ನೋಡೋಣ ಎಂದು ಸುಳ್ಳು ಹೇಳಿ ಅವರನ್ನು ಸಾಗಹಾಕಿದೆ. ಆ ನಾಳೆ ನಾನು ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ನಾನು ಅಲ್ಲಿಗೆ ಹೋಗಿ 'ಬಾ' ಎಂದಿದ್ದರೆ ಅದು ಗಾಡಿಯಿಂದ ಇಳಿದು ನನ್ನ ಜೊತೆ ಮನೆಗೇ ಬಂದುಬಿಡುತ್ತಿತ್ತು.