ದೊಡ್ಡೋನು ನೀರು ಬಿಟ್ಟ ಕಾಲ

ಆಗೆಲ್ಲ ನಮ್ಮ ಹಟ್ಟಿಯಲ್ಲಿ ದೇವರು ಕಣ್ಣಿಗೆ ಕಾಣುತ್ತಿದ್ದ. ಬೆಳಿಗ್ಗೆ ಮೇಯಲು ಹೋಗಿ, ಸಂಜೆ ಧೂಳೆಬ್ಬಿಸಿಕೊಂಡು ಮನೆಗೆ ಬರುತ್ತಿದ್ದ.

ತಳಕಿನಿಂದ ಆಚೆಗೆ, ಮೊಳಕಾಲ್ಮುರಿನ ಕಡೆಗೆ ನಮ್ಮ ಹಟ್ಟಿ. ಹಿಂಬದಿಯ ಮುಳ್ಳುಬೇಲಿಯ ರೊಪ್ಪದಲ್ಲಿ ದೇವರ ಎತ್ತುಗಳಿದ್ದವು. ಅವುಗಳ ಮೇಲೆ ನೊಗ ಇಡುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮನುಷ್ಯರ ಹಾಗೆ ಮಣ್ಣು ಮಾಡಬೇಕು. ಅವನ್ನು ಕಾಯುವ ಕಿಲಾರಿ ಪಾಲಯ್ಯ ತಾತ, ನಮ್ಮವ್ವನ ಚಿಕ್ಕಪ್ಪ. ಮದುವೆ ಆಗಿರಲಿಲ್ಲ. ಊಟ ನಮ್ಮ ಮನೆಯಲ್ಲಿ, ನಿದ್ದೆ ರೊಪ್ಪದಲ್ಲಿ.

ಹಿಂಡಿನ ಹಿರಿಯ ಎತ್ತನ್ನು ಊರೆಲ್ಲ ಸ್ವಾಮಿ ಅನ್ನುತ್ತಿತ್ತು. ತಾತನಿಗೆ ಮಾತ್ರ ಅದು ದೊಡ್ಡೋನು. ನಮ್ಮ ಜೊತೆ ಕನ್ನಡ ಆಡುತ್ತಿದ್ದ ತಾತ, ದೇವರನ್ನು ಬೈಯುವಾಗ ತೆಲುಗಿಗೆ ಹೊರಳುತ್ತಿದ್ದ. "ಏಮಿರಾ, ಒಳ್ಳು ಕೊವ್ವೆಕ್ಕಿಂದಾ?" ಮೈ ಕೊಬ್ಬೈತಾ ಅಂತ. ಹಾಗೆಂದು ಬೆನ್ನಿಗೊಂದು ಬಿಟ್ಟರೆ ದೊಡ್ಡೋನು ತಲೆ ತಂದು ತಾತನ ಎದೆಗೆ ಉಜ್ಜುತ್ತಿತ್ತು.

"ಸ್ವಾಮಿನ ಹೊಡೀತೀಯಲ್ಲ ತಾತ, ಪಾಪ ಬರಲ್ವಾ?" ಎಂದು ಒಮ್ಮೆ ಕೇಳಿದೆ.

"ನಾನು ಹೊಡೀದಿದ್ರೆ ಅದಕ್ಕೆ ನಿದ್ದೆ ಬರಲ್ಲ ಕಣವ್ವ."

ಅದು ಶೇಂಗಾ ಕೀಳುವ ಕಾಲ. ಊರೆಲ್ಲ ಹಸಿ ಮಣ್ಣಿನ, ಶೇಂಗಾ ಬಳ್ಳಿಯ ವಾಸನೆ. ಉಪ್ಪು ಹಾಕಿ ಬೇಯಿಸಿದ ಕಾಯನ್ನು ಲಂಗದ ಮಡಿಲಲ್ಲಿ ತುಂಬಿಕೊಂಡು ನಾವು ಹುಡುಗಿಯರು ರೊಪ್ಪದ ಮುಂದೆ ಕುಂಟೆಬಿಲ್ಲೆ ಆಡುತ್ತಿದ್ದೆವು. ದೊಡ್ಡೋನು ಮೇಯಲು ಹೋಗದೆ ನಿಂತಿದ್ದನ್ನು ನಾನು ನೋಡಿದ್ದು ಆ ಆಟದ ನಡುವೆ. ಬೇಲಿಯ ಕಡೆ ಮುಖ ಮಾಡಿತ್ತು. ಕಣ್ಣು ತೆರೆದಿತ್ತು, ಆದರೆ ಯಾವುದನ್ನೂ ನೋಡುತ್ತಿರಲಿಲ್ಲ. ಜೊಲ್ಲು ಹಗ್ಗದ ಹಾಗೆ ನೆಲದವರೆಗೆ ಇಳಿದಿತ್ತು. ಬಾನಿಯಲ್ಲಿ ನೀರಿಟ್ಟರೆ ಮೂತಿ ಇಟ್ಟಿತು, ನುಂಗಲಾರದೆ ನಡುಗಿ ಹಿಂದೆ ಸರಿಯಿತು. ಆಮೇಲೆ ಕೂಗಿತು. ಅದು ಎತ್ತಿನ ದನಿಯಾಗಿರಲಿಲ್ಲ, ಒಡೆದ ದನಿ.

ಪೂಜಾರಿ ಓಬಯ್ಯ ಬಂದು ನೋಡಿದರು. "ಸ್ವಾಮಿ ನೀರು ಬಿಟ್ಟೈತೆ. ಹಟ್ಟಿಯಾಗೆ ಏನೋ ತಪ್ಪಾಗೈತೆ" ಅಂದರು.

ಆ ಸಂಜೆ ಯಾವ ಮನೆಯಿಂದಲೂ ಒಗ್ಗರಣೆಯ ವಾಸನೆ ಬರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡುವ ರೀತಿಯೇ ಬೇರೆಯಾಯಿತು. ನಮ್ಮ ಹಟ್ಟಿಯಲ್ಲಿ ಕೋಳಿ ತಿನ್ನುವಂತಿಲ್ಲ, ಒಳಗೆ ಬಿಟ್ಟುಕೊಳ್ಳುವಂತೆಯೂ ಇಲ್ಲ. ಅವ್ವ ನನ್ನನ್ನು ಮೂಲೆಗೆ ಕರೆದಳು. "ತಳಕಿನ ಸ್ಕೂಲಾಗೆ ಯಾರಾರ ಮೊಟ್ಟೆ ಕೊಟ್ಟಿದ್ರೇನೇ? ತಿಂದ್ಯಾ?" ನಾನು ತಿಂದಿರಲಿಲ್ಲ. ಆದರೂ ಹೋಗಿ ಬಾಯಿ ಮುಕ್ಕಳಿಸಿದೆ.

ತಾತ ಮಾತ್ರ ಪೂಜಾರಿಯ ಮಾತು ಒಪ್ಪಲಿಲ್ಲ. "ತಪ್ಪೂ ಇಲ್ಲ ಎಂಥದೂ ಇಲ್ಲ. ಗಂಟಲಾಗೆ ಮುಳ್ಳು ಸಿಕ್ಕೈತೆ" ಅಂದ. ದೊಡ್ಡೋನ ದವಡೆ ಹಿಡಿದು, "ಬಾಯಿ ತೆಗೀಲೇ" ಅಂತ ಗದರಿಸಿ, ಮೊಣಕೈವರೆಗೆ ಕೈ ಒಳಗೆ ಇಳಿಸಿದ. ಜಾಲಿಮುಳ್ಳು ಗೀರಿ ಗೀರಿ ಆ ಕೈ ಯಾವತ್ತೂ ಗಾಯವೇ. ಬಹಳ ಹೊತ್ತು ತಡಕಿದ. ಮುಳ್ಳು ಸಿಗಲಿಲ್ಲ. ಜೊಲ್ಲು ತೊಟ್ಟಿಕ್ಕುವ ಕೈಯನ್ನು ಪಂಚೆಗೆ ಒರೆಸಿಕೊಂಡ.

ಮರುದಿನ ದನದ ಡಾಕ್ಟರು ಬಂದವರು ಬೇಲಿಯ ಹೊರಗೇ ನಿಂತರು. ಹಿಂಡಿನೊಳಗೆ ನಾಯಿ ಯಾವುದಾದರೂ ನುಗ್ಗಿತ್ತಾ ಎಂದು ಕೇಳಿದರು. ಮಳೆಗಾಲದಲ್ಲಿ ನುಗ್ಗಿತ್ತು, ದೊಡ್ಡೋನೇ ಕೊಂಬಲ್ಲಿ ಎತ್ತಿ ಒಗೆದಿತ್ತು, ಮೂತಿಗೆ ಹಲ್ಲು ತಾಗಿತ್ತು ಎಂದ ತಾತ.

"ಇದು ಹುಚ್ಚುನಾಯಿ ಕಾಯಿಲೆ. ಎತ್ತು ಉಳಿಯಲ್ಲ. ಬಾಯಿಗೆ ಕೈ ಹಾಕಿದೋರು ಯಾರು? ನೀವಾ? ಸೋಪು ಹಚ್ಚಿ ತೊಳ್ಕೊಂಡು ಈಗ್ಲೇ ಚಳ್ಳಕೆರೆ ಆಸ್ಪತ್ರೆಗೆ ಹೋಗಿ. ಕಾಯಿಲೆ ಶುರುವಾದ್ಮೇಲೆ ಯಾವ ಮದ್ದೂ ಇಲ್ಲ."

"ದೇವ್ರ ಎಂಜಲು ವಿಷ ಅಂತೀರೇನ್ರಿ ಸಾರ್?"

"ದೇವ್ರಿಗೆ ಕಾಯಿಲೆ ಬಂದೈತೆ ಅಂತೀನಿ, ಯಜಮಾನ್ರೆ."

"ಬರ್ಲಿ. ಹಸಿವು ಬರೋನಿಗೆ ಕಾಯಿಲೆ ಬರಲ್ವಾ? ಆದ್ರೆ ಅದು ನನ್ನ ಕೊಲ್ಲಲ್ಲ."

ದೊಡ್ಡೋನು ಹಿಂಗಾಲು ಸೋತು ಬಿತ್ತು, ಮತ್ತೆ ಏಳಲಿಲ್ಲ. ಹೂವು, ಹೊಸ ಬಟ್ಟೆ ಹೊದಿಸಿ ಮಣ್ಣು ಮಾಡಿದರು. ತಾತ ಆಸ್ಪತ್ರೆಗೆ ಹೋಗಿರಲಿಲ್ಲ. ಅವ್ವ ಅತ್ತಳು, ಜಗಳ ಆಡಿದಳು. ತಾತನದು ಒಂದೇ ಮಾತು. "ಸೂಜಿ ಹಾಕಿಸ್ಕೊಂಡ್ರೆ ಅದನ್ನ ನಂಬಲಿಲ್ಲ ಅಂದಂಗಾಕೈತೆ. ಅದರ ಪಕ್ಕದಾಗೆ ಮಲಗಿ ಮುದುಕ ಆದೋನು ನಾನು."

ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ತಾತ ಮುದ್ದೆ ಉಣ್ಣುತ್ತಿದ್ದ. ದಿನವೂ ಅವನ ಎಂಜಲು ತಟ್ಟೆಯಿಂದ ಒಂದು ತುತ್ತು ಮುರಿದುಕೊಳ್ಳುವುದು ನನ್ನ ರೂಢಿ. ಅವತ್ತೂ ಕೈ ಚಾಚಿದೆ. ತಾತ ಸರಕ್ಕನೆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

ತಾತ ತಾನು ಎಳೆದುಕೊಂಡ ತಟ್ಟೆಯನ್ನೇ ನೋಡುತ್ತ ಕುಳಿತ. ಅವ್ವ ಒಲೆಯ ಮುಂದಿನಿಂದ ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. "ಏಳು ಚಿಕ್ಕಪ್ಪ. ಬಸ್ ಬರೋ ಹೊತ್ತಾತು" ಅಂದಳು. ತಾತ ಎದ್ದ. ಟವೆಲು ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ನಡೆದ. ದಾರಿಯಲ್ಲಿ ರೊಪ್ಪ ಸಿಗುತ್ತದೆ. ಆ ಕಡೆ ತಿರುಗಲಿಲ್ಲ.

ಬಹಳ ಸಲ ಬಸ್ಸು ಹತ್ತಬೇಕಾಯಿತು. ತಡ ಮಾಡಿದಿರಿ, ಆದರೂ ಸೂಜಿ ಹಾಕೋಣ ಎಂದಿದ್ದರಂತೆ ಆಸ್ಪತ್ರೆಯಲ್ಲಿ. ಆ 'ಆದರೂ' ನಮ್ಮ ಮನೆಯಲ್ಲಿ ಬೇಸಿಗೆಯವರೆಗೆ ಉಳಿಯಿತು. ತಾತ ಲೋಟ ಎತ್ತಿದರೆ ಮನೆಯೆಲ್ಲ ನಿಲ್ಲುತ್ತಿತ್ತು. ರುಬ್ಬುವ ಅವ್ವ ಗುಂಡು ನಿಲ್ಲಿಸುತ್ತಿದ್ದಳು. ನಾನು ಅವನ ಗಂಟಲನ್ನೇ ನೋಡುತ್ತಿದ್ದೆ. ನೀರು ಇಳಿದದ್ದು ಕಂಡ ಮೇಲೆ ಗುಂಡು ತಿರುಗುತ್ತಿತ್ತು. ಒಮ್ಮೆ ನೆತ್ತಿಗೇರಿ ಕೆಮ್ಮಿದ. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು ಅವನ ಭುಜ ಹಿಡಿದುಕೊಂಡಳು. ತಾತ ಲೋಟ ಕೆಳಗಿಟ್ಟು, "ಬರೀ ಕೆಮ್ಮು ಕಣವ್ವ, ಕೆಮ್ಮು" ಎನ್ನುತ್ತ ಅವಳನ್ನು ಸಮಾಧಾನ ಮಾಡಿದ.

ತಾತ ಬದುಕಿದ. ಆದರೆ ರೊಪ್ಪಕ್ಕೆ ಹೋಗಲಿಲ್ಲ. ಕಿಲಾರಿಯ ಕೋಲನ್ನು ಪೂಜಾರಿಯವರ ಮಗನಿಗೆ ಕೊಟ್ಟು ನಮ್ಮ ಪಡಸಾಲೆಯಲ್ಲಿ ಮಲಗತೊಡಗಿದ. ಒಂದು ಸಂಜೆ ಹಿಂಡು ಮರಳುವಾಗ ಎಳೆಯ ಎತ್ತೊಂದು ದಾರಿ ಬಿಟ್ಟು ನಮ್ಮ ಅಂಗಳಕ್ಕೆ ಬಂತು. ತಾತನ ಕಡೆ ಮೂತಿ ಚಾಚಿತು. ತಾತ ಎದ್ದು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ. ಅದಕ್ಕೆ ಮೊದಲು ಅವನು ಎತ್ತಿಗೆ ಕೈ ಮುಗಿದದ್ದನ್ನು ನಾನು ನೋಡಿರಲಿಲ್ಲ.

ಅವನು ಬದುಕಿದ್ದಕ್ಕೆ ನನಗೆ ಇವತ್ತಿಗೂ ಸಂತೋಷವೇ. ಈಗ ಎತ್ತುಗಳಿಗೆ ಲಸಿಕೆ ಹಾಕಿಸುತ್ತಾರೆ, ಅದೂ ಒಳ್ಳೆಯದೇ. ಹಟ್ಟಿಗೆ ಹೋದಾಗ ನಾನೂ ಎಲ್ಲರಂತೆ ಕೈ ಮುಗಿಯುತ್ತೇನೆ. ಮುಗಿದ ಮೇಲೆ, ಬೇಲಿಯಿಂದ ಎಷ್ಟು ದೂರ ನಿಂತಿದ್ದೇನೆ ಎಂದು ಪ್ರತಿ ಸಲವೂ ನೋಡಿಕೊಳ್ಳುತ್ತೇನೆ.