ದೀಪದ ಹೊತ್ತಿನ ಒಂದು ರಿಂಗ್

ದೆವ್ವ ಗಿವ್ವ ಏನೂ ಅಲ್ಲ. ಸತ್ತುಹೋದ ಒಬ್ಬ ಹೆಣ್ಣುಮಗಳ ನಂಬರನ್ನು ಫೋನಿನವರು ನನಗೆ ಕೊಟ್ಟರು. ಅವಳ ತಾಯಿ ದಿನಾ ಸಂಜೆ ಆ ನಂಬರಿಗೆ ಒಂದು ರಿಂಗ್ ಕೊಡುತ್ತಿದ್ದಳು. ನನ್ನ ಮಗಳೇ ಇರಬೇಕೆಂದು ತಿಳಿದು ನಾನು ತಿರುಗಿ ಒಂದು ರಿಂಗ್ ಕೊಡುತ್ತಿದ್ದೆ. ನಡೆದದ್ದು ಇಷ್ಟೇ. ಊರಲ್ಲಿ ಇದಕ್ಕೆ ಕಾಲು ಬಾಲ ಹಚ್ಚಿ ಹೇಳುವವರಿದ್ದಾರೆ. ಫೋನಿನೊಳಗಿಂದ ಬಳೆಯ ಸಪ್ಪಳ ಕೇಳಿತು ಎಂದು ಒಬ್ಬಳು ಹೇಳಿಕೊಂಡು ತಿರುಗಿದಳು. ಆ ಫೋನನ್ನು ಅವಳಿಗೆ ನಾನು ಮುಟ್ಟಲೂ ಕೊಟ್ಟಿಲ್ಲ.

ಆದರೆ ದೆವ್ವ ಅಲ್ಲ ಎಂದು ಗೊತ್ತಾದ ಮೇಲೆಯೇ ನನಗೆ ಹೆಚ್ಚು ಹೆದರಿಕೆ ಆದದ್ದು. ಅದನ್ನು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ನಮ್ಮ ಮನೆಯಲ್ಲಿ ಮಿಸ್ ಕಾಲಿಗೆ ಒಂದು ಕಾನೂನಿದೆ. ಒಂದು ರಿಂಗ್ ಬಂದು ನಿಂತರೆ ಎಲ್ಲ ಕ್ಷೇಮ ಎಂದು ಅರ್ಥ. ಎರಡು ಬಂದು ನಿಂತರೆ ಹೊಲದಲ್ಲಿ ಕರೆಂಟ್ ಬಂದಿದೆ, ಮೋಟರ್ ಹಚ್ಚಬೇಕು. ನಿಲ್ಲದೆ ಬಾರಿಸಿದರೆ ಮಾತ್ರ ಎತ್ತಬೇಕು, ಯಾರಿಗೋ ಏನೋ ಆಗಿದೆ. ಮಾತಾಡಿದರೆ ದುಡ್ಡು ಹೋಗುತ್ತಿದ್ದ ಕಾಲದಲ್ಲಿ ಮಾಡಿಕೊಂಡ ಕಾನೂನು ಇದು. ಈಗ ಎಷ್ಟು ಮಾತಾಡಿದರೂ ಅಷ್ಟೇ ಎಂದು ಮಗ ಹೇಳುತ್ತಾನೆ. ನಮ್ಮ ವಯಸ್ಸಿನವರ ಬೆರಳು ಅದನ್ನು ಕೇಳುವುದಿಲ್ಲ. ಯಲಬುರ್ಗಾದಿಂದ ಕುಷ್ಟಗಿಯವರೆಗೆ ನನ್ನಂಥ ಹೆಂಗಸರೆಲ್ಲ ಹೀಗೆಯೇ. ಮಗಳನ್ನು ಕೊಟ್ಟ ಊರಿನಿಂದ ದೀಪ ಹಚ್ಚುವ ಹೊತ್ತಿಗೆ ಒಂದು ರಿಂಗ್ ಬರಬೇಕು, ತವರಿನಿಂದ ಒಂದು ರಿಂಗ್ ತಿರುಗಿ ಹೋಗಬೇಕು. ನಡುವೆ ಯಾರೂ ಎತ್ತಬಾರದು. ಎತ್ತಿ ಮಾತಾಡಿದರೆ ಏನೋ ಕೆಟ್ಟದ್ದಾಗಿದೆ ಎಂದೇ ಲೆಕ್ಕ.

ಹೋದ ಬೇಸಿಗೆಯಲ್ಲಿ ನನ್ನ ಹಳೆಯ ಸಿಮ್ಮು ಸತ್ತುಹೋಯಿತು. ಮಗ ತಳಕಲ್ಲಿನಿಂದ ಟಂಟಂ ಆಟೋ ಓಡಿಸುತ್ತಾನೆ, ಕುಷ್ಟಗಿ ಬಜಾರಿನಿಂದ ಹೊಸದು ತಂದು ನನ್ನ ಗುಂಡಿಯ ಫೋನಿಗೆ ಹಾಕಿದ. ಈ ನಂಬರನ್ನು ತಂಗಿಗೆ ಕೊಡು ಎಂದೆ. ಹೂಂ ಎಂದ. ಮರುದಿನ ಸಂಜೆಯೇ ಒಂದು ರಿಂಗ್ ಬಂದು ನಿಂತಿತು. ನಂಬರ್ ನೋಡಿದೆ, ಮಗಳದಲ್ಲ, ಕೊನೆಗೆ ಜೋಡಿ ಸೊನ್ನೆ. ಅದರಲ್ಲಿ ನನಗೇನೂ ವಿಶೇಷ ಅನಿಸಲಿಲ್ಲ. ಅಳಿಯ ಗಂಗಾವತಿಯಲ್ಲಿ ರೈಸ್ ಮಿಲ್ಲಿನಲ್ಲಿ ದುಡಿಯುತ್ತಾನೆ, ಅಂಗಿ ಬದಲಿಸಿದ ಹಾಗೆ ಸಿಮ್ಮು ಬದಲಿಸುವ ಮನುಷ್ಯ. ಮಗಳು ಅವನ ಫೋನಿನಿಂದ ಕೊಟ್ಟಿದ್ದಾಳೆ ಎಂದುಕೊಂಡು ತಿರುಗಿ ಒಂದು ರಿಂಗ್ ಕೊಟ್ಟೆ.

ಅಂದಿನಿಂದ ಅದು ತಪ್ಪಲಿಲ್ಲ. ಮಗಳು ಆಗಾಗ ಅಣ್ಣನ ಫೋನಿಗೆ ಮಾಡಿ ನನ್ನ ಜೊತೆ ಮಾತಾಡುತ್ತಿದ್ದಳು, ಆದರೆ ಮಿಸ್ ಕಾಲಿನ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಬಾಗಿಲು ಹಾಕಿದೆ ತೆಗೆದೆ ಎಂದು ಯಾರಾದರೂ ಹೇಳಿಕೊಳ್ಳುತ್ತಾರೆಯೇ.

ಆ ನಂಬರಿಗೆ ಬೇರೆ ಕಾಟವೂ ಇತ್ತು. ಹಿಂದಿಯಲ್ಲಿ ಸಾಲ ಬೇಕೇನು ಎನ್ನುವವರು, ಒಂದು ಒತ್ತು, ಎರಡು ಒತ್ತು ಎನ್ನುವ ಮಷೀನಿನ ಹೆಂಗಸು. ಅವರನ್ನು ನಾನು ಬೈದು ಇಡುತ್ತಿದ್ದೆ. ಆದರೆ ಒಂದು ಮಧ್ಯಾಹ್ನ ಒಬ್ಬ ಟೇಲರ್ ಮಾಡಿದ. ನಾನು ಹಲೋ ಎನ್ನುವ ಮೊದಲೇ, ನಿಮ್ಮ ಜಂಪರ್ ಹೊಲಿದಿಟ್ಟು ವರ್ಷವಾಗುತ್ತ ಬಂತು, ಇಷ್ಟು ದಿನ ಫೋನ್ ಹತ್ತುತ್ತಿರಲಿಲ್ಲ, ಬಂದು ಒಯ್ಯಿರಿ ಎಂದ. ನಾನು ಯಾವ ಕುಪ್ಪಸವನ್ನೂ ಹೊಲಿಯಲು ಹಾಕಿಲ್ಲ ಎಂದೆ. ಹಸಿರು ಬಣ್ಣದ್ದು, ಕೈಗೆ ಅಂಚು ಹಚ್ಚಿಸಿದ್ದೀರಲ್ಲ ಎಂದ. ಅಲ್ಲ ಎಂದು ಇಟ್ಟೆ. ಆಮೇಲೆ ರೊಟ್ಟಿ ಬಡಿಯುವಾಗೆಲ್ಲ ನೋಡದೆ ಇದ್ದ ಆ ಹಸಿರು ಜಂಪರ್ ಕಣ್ಣಿಗೆ ಬರುತ್ತಿತ್ತು. ಯಾವಳೋ ಹಾಕಿ ಮರೆತಿದ್ದಾಳೆ ಎಂದು ಬಿಟ್ಟೆ.

ನನಗೆ ಜ್ವರ ಬಂದ ಒಂದು ದಿನ ಸಂಜೆ ರಿಂಗ್ ಬಂದಾಗ ಮಲಗಿದ್ದೆ, ತಿರುಗಿ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು ರಿಂಗ್ ಬಂತು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಯಾರೋ ಬಾಗಿಲ ಹೊರಗೆ ನಿಂತು, ಬಡಿಯಲೋ ಬೇಡವೋ ಎಂದು ಬಡಿದ ಹಾಗಿತ್ತು. ಸೊಸೆ, ಅತ್ತಿ, ಅದೇನಂತ ನೋಡಿ ಒಮ್ಮೆ ಮುಗಿಸ್ರಿ ಎಂದಳು. ಎದ್ದು ಗುಂಡಿ ಒತ್ತಿ ಒಂದು ರಿಂಗ್ ಕೊಟ್ಟೆ. ನಿಂತಿತು. ಇವಳಿಗೇನು ಇಷ್ಟು ಅವಸರ ಎಂದು ಮಗಳ ಮೇಲೆ ಸಿಟ್ಟು ಬಂತು.

ಪಂಚಮಿ ಬಂತು. ನಮ್ಮ ಕಡೆ ಹೆಣ್ಣುಮಕ್ಕಳು ಏನು ತಪ್ಪಿದರೂ ಪಂಚಮಿಗೆ ತವರಿಗೆ ಬರುವುದು ತಪ್ಪುವುದಿಲ್ಲ. ಹಬ್ಬಕ್ಕೆ ಎರಡು ದಿನ ಮೊದಲೇ ಮಗಳು ಗಂಗಾವತಿಯಿಂದ ಬಂದಳು. ಸಂಜೆ ಪಡಸಾಲೆಯಲ್ಲಿ ಇಬ್ಬರೂ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದೆವು. ಸೊಸೆ ದೀಪ ಹಚ್ಚಿ ಹೊರಗೆ ಹೋದಳು. ನನ್ನ ಫೋನು ಒಂದು ರಿಂಗ್ ಬಾರಿಸಿ ನಿಂತಿತು. ಕೈಯಲ್ಲಿ ಬೆಲ್ಲದ ಜಿಗುಟು, ಆದರೂ ರೂಢಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ ತಿರುಗಿ ಒಂದು ರಿಂಗ್ ಕೊಟ್ಟು ಕೆಳಗಿಟ್ಟೆ. ಇಟ್ಟ ಮೇಲೆ ಎದುರಿಗೆ ಕೂತ ಮಗಳ ಮುಖ ನೋಡಿದೆ.

"ಯಾರಿಗಬೇ ರಿಂಗ್ ಕೊಟ್ಟಿದ್ದು?" ಎಂದಳು.

"ನಿನಗ."

"ನಾ ಇಲ್ಲೇ ಕುಂತೀನಿ. ನನ್ನ ಫೋನ್ ಅಲ್ಲಿ ಚಾರ್ಜಿಗೆ ಐತಿ. ನಿನ್ನ ಸಿಮ್ಮು ಇನ್ನೂ ಸತ್ತೈತಿ ಅಂತ ತಿಳಿದೀನಿ. ನಿನ್ನ ಹೊಸ ನಂಬರ್ ನನಗ ಕೊಟ್ಟವರ್‍ಯಾರು?"

ಮಗ ಆಗಷ್ಟೇ ಟಂಟಂ ನಿಲ್ಲಿಸಿ ಒಳಗೆ ಬಂದಿದ್ದ. ಕೊಡಬೇಕು ಅಂತ ಮಾಡಿದ್ದೆ ಎಂದ. ತಲಿನೂ ಟಂಟಂನ್ಯಾಗ ಬಿಟ್ಟು ಇಳೀತಿಯೇನೋ ಅಣ್ಣಾ ಎಂದಳು ಮಗಳು. ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಬೇಸಿಗೆಯಿಂದ ಶ್ರಾವಣದವರೆಗೆ ನಾನು ಯಾರಿಗೆ ಕ್ಷೇಮ ಹೇಳುತ್ತ ಬಂದೆ, ನನಗೆ ಯಾರು ಹೇಳುತ್ತ ಬಂದರು ಎಂದುಕೊಂಡು ಕೈಯಲ್ಲಿದ್ದ ಉಂಡಿಯನ್ನು ಕೆಳಗಿಟ್ಟೆ.

ಆಗ ಫೋನು ಮತ್ತೆ ಬಾರಿಸಿತು. ಅದೇ ಜೋಡಿ ಸೊನ್ನೆ. ಈ ಸಲ ನಿಲ್ಲಲಿಲ್ಲ. ಕಾನೂನಿನ ಪ್ರಕಾರ ಎತ್ತಲೇಬೇಕು. ಎತ್ತಿದೆ.

"ಯಾವ ಗಾಡಿಗೆ ಬರ್ತೀಯವ್ವಾ? ಪಂಚಮಿ ನಾಡಿದ್ದ ಐತಿ," ಎಂದಿತು ಒಂದು ಮುದುಕಿಯ ದನಿ. ನನ್ನ ವಯಸ್ಸೇ ಇರಬೇಕು.

ಯಾರು ಬೇಕಾಗಿತ್ತು ಎಂದು ಕೇಳಿದೆ. ಆ ಕಡೆಯ ಉಸಿರು ಕೇಳುತ್ತಿತ್ತು, ದೂರದಲ್ಲಿ ಒಂದು ಮೇಕೆಯ ಮರಿ ಒದರುತ್ತಿತ್ತು.

"ದನಿ ಯಾಕವ್ವಾ ಹಿಂಗಾಗೇತಿ? ಗಂಟಲಾಗ ಮಣ್ಣು ಹೋಗೇತೇನು?" ಎಂದಳು.

ನನ್ನ ಕೈಯಿಂದ ಫೋನು ಜಾರಿ ಉಂಡಿಯ ಪರಾತದಲ್ಲಿ ಬಿತ್ತು. ಮಗಳು ಎತ್ತಿ ಕೊಟ್ಟಳು. ಅಷ್ಟರಲ್ಲಿ ಆ ಕಡೆ ಫೋನು ಕೈ ಬದಲಾಗಿತ್ತು. ಒಬ್ಬ ಗಂಡಸು ದನಿ ತಗ್ಗಿಸಿ, ನೀವು ಯಾರು, ಈ ನಂಬರ್ ನಿಮಗೆ ಎಲ್ಲಿಂದ ಬಂತು ಎಂದು ಕೇಳಿದ. ದುಡ್ಡು ಕೊಟ್ಟು ತಂದದ್ದು ಎಂದೆ. ಅದು ನಮ್ಮ ಅಕ್ಕನ ನಂಬರ್ ಎಂದ. ಹಾಗಾದರೆ ಅಕ್ಕನನ್ನು ಕೇಳಿರಿ, ನನಗೇಕೆ ಗಂಟು ಬಿದ್ದಿದ್ದೀರಿ ಎಂದೆ.

"ಅಕಿ ತೀರಿಕೊಂಡು ವರ್ಷಾತ್ರೀ," ಎಂದ.

ಅವರದು ಹನುಮಸಾಗರ. ಆ ಮುದುಕಿಯ ಮಗ ಅವನು. ಫೋನ್ ಹಿಡಿದುಕೊಂಡು ತಮ್ಮ ಅಂಗಳಕ್ಕೆ ಬಂದು ನಿಂತು ಎಲ್ಲ ಹೇಳಿದ. ಅಕ್ಕನಿಗೆ ಜ್ವರ ತಲೆಗೇರಿ ಗಂಡನ ಊರಲ್ಲೇ ಹೋದಳು. ಆಗ ತಾಯಿಗೆ ಕೀಲು ಹಿಡಿದು ಏಳಲು ಬರುತ್ತಿರಲಿಲ್ಲ, ಮಣ್ಣಿಗೆ ಕರೆದುಕೊಂಡು ಹೋಗಲಿಲ್ಲ. ಮಗಳ ಮುಖ ಅವಳು ನೋಡಿಲ್ಲ, ಒಂದು ಹಿಡಿ ಮಣ್ಣು ಹಾಕಿಲ್ಲ. ಸತ್ತಳೆಂದು ಬಾಯಲ್ಲಿ ಹೇಳಿದರೆ ಹೂಂ ಎನ್ನುತ್ತಿದ್ದಳು, ಸಂಜೆಯಾದರೆ ಫೋನ್ ತೆಗೆದುಕೊಂಡು ಒತ್ತುತ್ತಿದ್ದಳು. ಅದು ಬಂದ್ ಇದೆ ಎಂದು ಮಷೀನು ಹೇಳುತ್ತಿತ್ತು. ಕೇಳಿ ಕೇಳಿ ಹಾಸಿಗೆ ಹಿಡಿದಿದ್ದಳು. ಹೀಗಿರುವಾಗ ಬೇಸಿಗೆಯಲ್ಲಿ ಒಂದು ಸಂಜೆ ರಿಂಗ್ ಹೋಯಿತು. ಹೋದದ್ದಷ್ಟೇ ಅಲ್ಲ, ತಿರುಗಿ ಬಂತು.

"ಅವತ್ತ ಎದ್ದು ಕುಂತಾಕಿ ಅವತ್ತಿಂದ ನಡದಾಡಾಕತ್ತಾಳ. ನಿಮ್ಮ ರಿಂಗ್ ಬರೂತನಕ ಉಣ್ಣಂಗಿಲ್ಲ. ನಾನು ಅಕ್ಕನ್ನ ಮಣ್ಣಿಗಿಟ್ಟು ಬಂದಾವ್ರೀ. ಅಕಿ ನಂಬರಿಂದ ದಿನಾ ರಿಂಗ್ ಬರ್ತೈತಿ. ನಮ್ಮ ಹುಡುಗ್ರು ಸಂಜಿ ಆತಂದ್ರ ಅಂಗಳಕ್ಕ ಬರವಲ್ವು."

ಅಂದರೆ ಇಷ್ಟು ತಿಂಗಳು ಅವರ ಮನೆಯ ದೆವ್ವ ನಾನೇ. ಇಲ್ಲಿ ರೊಟ್ಟಿ ಬಡಿಯುತ್ತ, ಸೊಸೆಯ ಜೊತೆ ಜಗಳಾಡುತ್ತ, ಅಲ್ಲಿ ಸತ್ತವಳಾಗಿ ಕ್ಷೇಮ ಎಂದು ಹೇಳುತ್ತಿದ್ದೆ. ನಾನು ಮೊದಲಿಗೆ ಹೇಳಿದ ಹೆದರಿಕೆ ಬಂದದ್ದು ಆಗ.

ಎತ್ತಿ ಮಾತಾಡಿ ಕೇಳಬಾರದಿತ್ತೇ ಎಂದೆ. ಸತ್ತಾಕಿ ಮಾತಾಡಿದ್ರ ಏನ್ ಮಾಡೋಣ್ರಿ ಎಂದ. ಕೈಮುಗಿಯುತ್ತೇನೆ, ಆ ಸಿಮ್ಮನ್ನು ಮುರಿದು ಒಗೆಯಿರಿ ಎಂದು ಕೇಳಿಕೊಂಡ. ಹಿಂದೆ ಅವನ ಹೆಂಡತಿ ಇರಬೇಕು, ಬ್ಯಾಡ್ರಿ, ಒಗದ್ರ ಅತ್ತಿ ಉಳಿಯಂಗಿಲ್ಲ ಎಂದಳು. ಇಬ್ಬರೂ ಅಲ್ಲೇ ಜಗಳಕ್ಕೆ ಬಿದ್ದರು. ನಾನು ಇಟ್ಟೆ.

ಹೊರಗೆ ಪೂರಾ ಕತ್ತಲಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ರಿಂಗ್ ಬಂದು ನಿಂತಿತು. ಮುದುಕಿ ಫೋನನ್ನು ಮಗನ ಕೈಯಿಂದ ಇಸಿದುಕೊಂಡಿದ್ದಾಳೆ ಎಂದು ತಿಳಿಯಿತು. ಮನೆಯಲ್ಲಿ ಎಲ್ಲರೂ ನನ್ನ ಕೈಯನ್ನೇ ನೋಡಿದರು. ಒಂದು ರಿಂಗ್ ಕೊಟ್ಟುಬಿಡು, ಅಕಿ ಉಣ್ಣಲಿ, ನಿನ್ನ ಗಂಟೇನು ಹೋಗುತ್ತದೆ ಎಂದಳು ಮಗಳು. ಬಾಯಲ್ಲಿ ಹಾಗೆ ಎಂದಳೇ ಹೊರತು ಸರಿದು ಗೋಡೆಗೆ ಒರಗಿ ಕೂತಳು. ನನ್ನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ನಿನ್ನೆಯವರೆಗೆ ಒತ್ತಿದ್ದು ನಾನು. ಇವತ್ತು ಒತ್ತಿದರೆ ಅದು ನಾನಲ್ಲ, ಹಸಿರು ಜಂಪರಿನವಳು. ಅವಳನ್ನು ನನ್ನ ಬೆರಳಿಗೆ ಕರೆದುಕೊಳ್ಳಲು ನನಗೆ ಮನಸ್ಸಿಲ್ಲ. ಒತ್ತದಿದ್ದರೆ ಒಬ್ಬ ಮುದುಕಿ ಉಪವಾಸ ಮಲಗುತ್ತಾಳೆ, ಹೀಗೆಯೇ ಹೋದರೆ ಏಳುವುದೂ ಇಲ್ಲ.

ಒತ್ತಲಿಲ್ಲ. ಸಿಮ್ಮನ್ನೂ ತೆಗೆಯಲಿಲ್ಲ. ಮತ್ತೆ ಒಂದು ರಿಂಗ್ ಬಂತು. ಮತ್ತೆ ಬಂತು. ಮೊಮ್ಮಕ್ಕಳು ಹೆದರಿ ಅತ್ತವು. ಫೋನನ್ನು ಜೋಳದ ಚೀಲದೊಳಗೆ ಹುಗಿದಿಟ್ಟು ಬಂದೆ. ಜೋಳದೊಳಗಿಂದಲೂ ಅದು ಸಣ್ಣಗೆ ಕೇಳುತ್ತಲೇ ಇತ್ತು, ನೆಲದ ಕೆಳಗಿಂದ ಬಂದ ಹಾಗೆ.

ಬೆಳಗಾದ ಮೇಲೆ ಫೋನನ್ನು ಜೋಳದಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದೆ. ಯಾರಿಗೂ ಬಾ ಎನ್ನಲಿಲ್ಲ. ಕುಷ್ಟಗಿಗೆ ಹೋಗಿ ಅಲ್ಲಿಂದ ಹನುಮಸಾಗರದ ಬಸ್ಸು ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಮಿಸ್ ಕಾಲಿನ ಮನೆ ಎಂದರೆ ಬಸ್ ಸ್ಟ್ಯಾಂಡಿನಲ್ಲಿಯೇ ಕೈ ಮಾಡಿ ತೋರಿಸಿದರು.

ಮುದುಕಿ ಕಟ್ಟೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ಫೋನು. ಪಕ್ಕದಲ್ಲಿ ರಾತ್ರಿಯ ತಾಟು ಹಾಗೆಯೇ ಇತ್ತು, ರೊಟ್ಟಿ ಸೆಟೆದು ನಿಂತಿತ್ತು. ಮಗ ಬಾಗಿಲಿಗೆ ಬಂದು ನಿಂತ. ನಾನು ಅವಳ ಎದುರಿಗೆ ಕೂತು, ನಿನ್ನ ಮಗಳ ನಂಬರ್ ಒತ್ತು ಎಂದೆ. ನೀನು ಯಾರು ಎಂದು ಕೇಳದೆ ಒತ್ತಿದಳು. ನನ್ನ ಸೊಂಟದಲ್ಲಿ ಬಾರಿಸಿತು. ಅವಳು ನನ್ನ ಕಡೆ ನೋಡಲಿಲ್ಲ, ತನ್ನ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಳು. ಒಂದು ರಿಂಗಿಗೆ ನಿಲ್ಲಿಸಲೂ ಇಲ್ಲ. ನಾನು ಎತ್ತಿದೆ.

"ಅಕಿ ಇಲ್ಲವ್ವಾ. ಸತ್ತಾಳ. ಇಷ್ಟ ದಿನ ರಿಂಗ್ ಕೊಟ್ಟಾಕಿ ನಾನು."

ಮಾತು ನನ್ನ ಬಾಯಿಂದ ಒಮ್ಮೆ ಬಂತು. ಒಂದು ಉಸಿರು ತಡವಾಗಿ ಅವಳ ಕಿವಿಯ ಫೋನಿನಿಂದ ಇನ್ನೊಮ್ಮೆ ಬಂತು. ಎರಡನೆಯದು ನನ್ನ ದನಿಯ ಹಾಗಿರಲಿಲ್ಲ. ಅವಳು ಕೇಳಿಸಿಕೊಂಡದ್ದು ಆ ಎರಡನೆಯದನ್ನು. ಫೋನನ್ನು ಕೆಳಗಿಟ್ಟು, ಮೊದಲ ಸಲ ನನ್ನ ಮುಖ ನೋಡಿ, ಆಮೇಲೆ ಮಗನ ಮುಖ ನೋಡಿದಳು.

"ಮಣ್ಣು ಯಾರು ಕೊಟ್ರೋ?" ಎಂದು ಕೇಳಿದಳು.

ನಾನು ಕೊಟ್ಟೆ ಎಂದ ಅವನು. ಎಲ್ಲಿ ಎಂದು ಕೇಳಿದಳು. ಗಂಡನ ಮನೆಯವರ ಹೊಲದ ಬದುವಿನ ಮೇಲೆ, ಬೇವಿನ ಗಿಡದ ಕೆಳಗೆ ಎಂದ. ತಲೆ ಯಾವ ಕಡೆ ಇಟ್ಟಿರಿ ಎಂದು ಕೇಳಿದಳು. ಅದನ್ನೂ ಹೇಳಿದ. ಅವಳು ಕೇಳುತ್ತ ಹೋದಳು, ಅವನು ಹೇಳುತ್ತ ಹೋದ. ನಾನು ಒಳಗೆ ಹೋಗಿ ಅವರ ಸೊಸೆಯ ಕೈಯಿಂದ ಬಿಸಿ ರೊಟ್ಟಿ ಇಸಿದುಕೊಂಡು ಬಂದು, ಹಳೆಯ ತಾಟನ್ನು ಸರಿಸಿ, ರೊಟ್ಟಿ ಮುರಿದು ಅವಳ ಮುಂದಿಟ್ಟೆ. ಅವಳು ಉಂಡು ಮುಗಿಸುವವರೆಗೆ ನಾನು ಏಳಲಿಲ್ಲ.